ಗಂಟೆ ಬೇಡ, ತಟ್ಟೆ ಸಾಕು

ಪ್ರಶ್ನೆ: ಶಿವಮೊಗ್ಗದಲ್ಲಿ ಎರಡು ಕೋಣೆಗಳ ಬಾಡಿಗೆ ಮನೆ ನಮ್ಮದು. 11 ವರ್ಷದ ಮಗಳು, 8 ವರ್ಷದ ಮಗ, 4 ವರ್ಷದ ಪುಟ್ಟಿ. ದೊಡ್ಡವರಿಬ್ಬರಿಗೆ ಎರಡು ವರ್ಷದಿಂದ ಮನೆಯಲ್ಲೇ ಕಲಿಸುತ್ತಿದ್ದೇನೆ. ಪತಿ ಬೆಳಿಗ್ಗೆ ಎಂಟೂವರೆಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಅತ್ತೆ ನಮ್ಮ ಜೊತೆಗಿದ್ದಾರೆ. ಒಂಬತ್ತರಿಂದ ಒಂದರವರೆಗೆ ನಲವತ್ತು ನಿಮಿಷಕ್ಕೊಂದು ಪೀರಿಯಡ್ ಎಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಒಂದು ದಿನವೂ ಅದು ಪೂರ್ತಿ ನಡೆದಿಲ್ಲ. ಕುಕ್ಕರ್ ಕೂಗಿದರೆ ಪಾಠ ನಿಲ್ಲುತ್ತದೆ, ಪಾಠಕ್ಕೆ ಕುಳಿತರೆ ಪಲ್ಯ ಸೀಯುತ್ತದೆ. ಗಂಟೆಗೊಮ್ಮೆ ‘ಅಮ್ಮಾ, ಹಸಿವು’ ಎನ್ನುತ್ತಾರೆ. ಮನೆ ತುಂಬ ಪುಸ್ತಕ, ಬಣ್ಣ, ಕಾಗದದ ಚೂರು. ಶಾಲೆಯನ್ನೂ ನಡೆಸುತ್ತಿಲ್ಲ, ಮನೆಯನ್ನೂ ನಡೆಸುತ್ತಿಲ್ಲ ಎನಿಸಿ ರಾತ್ರಿ ಅಳು ಬರುತ್ತದೆ. ಈ ಮನೆಗೆ ಒಂದು ಶಿಸ್ತು ತರುವುದು ಹೇಗೆ? ಒಳ್ಳೆಯ ವೇಳಾಪಟ್ಟಿಯೊಂದನ್ನು ಹಾಕಿಕೊಡುವಿರಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಒಂದು ಮಾತು. ಮೂವರು ಮಕ್ಕಳು, ಒಬ್ಬ ಹಿರಿಯರು, ಆರು ಜನರ ಊಟ, ಇಬ್ಬರ ಪಾಠ ಇಷ್ಟನ್ನೂ ಎರಡು ವರ್ಷ ಒಬ್ಬರೇ ಹೊತ್ತಿದ್ದೀರಿ. ನಿಮಗೆ ಅಳು ಬರುವುದು ಸೋಲಿನಿಂದ ಅಲ್ಲ, ಆಯಾಸದಿಂದ. ಆಯಾಸಕ್ಕೆ ಮದ್ದಿದೆ.

ನೀವು ಬಳಸಿರುವ ‘ಶಿಸ್ತು’ ಎಂಬ ಪದಕ್ಕೆ ನಿಮ್ಮ ಸೀಮೆಯಲ್ಲಿ ಹಳೆಯದೊಂದು ಅರ್ಥವಿದೆ. 17ನೆಯ ಶತಮಾನದಲ್ಲಿ ಕೆಳದಿಯನ್ನು ಆಳಿದ ಶಿವಪ್ಪನಾಯಕ ಜಾರಿಗೆ ತಂದ ಭೂಕಂದಾಯದ ಕ್ರಮಕ್ಕೆ ‘ಶಿಸ್ತು’ ಎಂದೇ ಹೆಸರು. ಕಂದಾಯ ಗೊತ್ತುಮಾಡುವ ಮೊದಲು ಹಳ್ಳಿಹಳ್ಳಿಯಲ್ಲೂ ಒಂದೊಂದು ಬಗೆಯ ಹೊಲವನ್ನು ಅರಸನ ಲೆಕ್ಕದಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು, ಖರ್ಚಾದದ್ದೆಷ್ಟು, ಬೆಳೆದದ್ದೆಷ್ಟು ಎಂದು 12 ವರ್ಷ ಬರೆದಿಡಿಸಿದನಂತೆ. ಅಳತೆ ಮುಗಿದ ಮೇಲೆಯೇ ಅವನು ಕಂದಾಯವನ್ನು ಗೊತ್ತುಮಾಡಿದ್ದು. ನೀವು ಮಾಡಿರುವುದು ಇದರ ತಿರುವುಮುರುವು. ನಿಮ್ಮ ಮನೆಯ ದಿನ ಹೇಗೆ ಸಾಗುತ್ತದೆ ಎಂದು ನೋಡುವ ಮೊದಲೇ, ಯಾವುದೋ ಶಾಲೆಯ ದಿನವನ್ನು ತಂದು ಗೋಡೆಗೆ ಅಂಟಿಸಿದ್ದೀರಿ.

ಆದ್ದರಿಂದ ಮೊದಲ ವಾರ ಏನನ್ನೂ ಬದಲಿಸಬೇಡಿ. ಗೋಡೆಯ ಕಾಗದವನ್ನು ಮಾತ್ರ ತೆಗೆದಿಡಿ. ಅಡುಗೆಮನೆಯಲ್ಲಿ ಹಳೆಯ ನೋಟ್‌ಬುಕ್ ಒಂದನ್ನು ದಾರ ಕಟ್ಟಿ ತೂಗುಹಾಕಿ. ಒಲೆ ಹಚ್ಚಿದ ಹೊತ್ತು, ಆರಿಸಿದ ಹೊತ್ತು, ಪಾಠದ ನಡುವೆ ನೀವು ಎದ್ದುಹೋದ ಹೊತ್ತು ಮತ್ತು ಕಾರಣ, ಯಾರು ಯಾವಾಗ ಹಸಿವು ಎಂದರು, ಅತ್ತೆಯವರು ಇನ್ಸುಲಿನ್ ತೆಗೆದುಕೊಂಡದ್ದು ಮತ್ತು ಉಂಡದ್ದು ಎಷ್ಟು ಗಂಟೆಗೆ, ಇಷ್ಟನ್ನು ಬರೆಯಿರಿ. ದಿನಕ್ಕೆ ಹತ್ತು ಸಾಲು ಸಾಕು. ಮಗಳಿಗೆ 11 ವರ್ಷ, ಅರ್ಧ ದಿನದ ಬರವಣಿಗೆಯನ್ನು ಅವಳಿಗೇ ವಹಿಸಬಹುದು. ಬಹುಪಾಲು ಮನೆಗಳಲ್ಲಿ ಈ ಪಟ್ಟಿ ನೋಡಿದ ತಾಯಂದಿರು ಒಂದು ವಿಷಯಕ್ಕೆ ಬೆರಗಾಗುವುದನ್ನು ನಾನು ಕಂಡಿದ್ದೇನೆ. ಪಾಠ ಮುರಿಯುವುದು ಮಕ್ಕಳ ತುಂಟತನದಿಂದ ಎಂದುಕೊಂಡಿರುತ್ತಾರೆ, ಪಟ್ಟಿಯಲ್ಲಿ ನೋಡಿದರೆ ಹೆಚ್ಚು ಸಲ ಎದ್ದುಹೋದವರು ಅವರೇ ಆಗಿರುತ್ತಾರೆ, ಒಲೆಯ ಕಡೆಗೆ.

ಇನ್ನು ನಾಲ್ಕು ಗಂಟೆಯ ಪಾಠದ ವಿಷಯ. ನಾನು ಮೈಸೂರು ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಹಳ ಕಾಲ ಪಾಠ ಮಾಡಿದವಳು. ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೆ, ನಲವತ್ತು ನಿಮಿಷದ ಅವಧಿಯನ್ನು ಸಮನಾಗಿ ಹಂಚಿದರೂ ಒಂದು ಮಗುವಿನ ಪಾಲಿಗೆ ಶಿಕ್ಷಕಿ ಸಿಗುವುದು ಒಂದು ನಿಮಿಷ ಇಪ್ಪತ್ತು ಸೆಕೆಂಡು. ಹಾಜರಿ, ಗದ್ದಲ, ಬೋರ್ಡಿನ ಬರವಣಿಗೆ, ಪುಸ್ತಕ ತಿದ್ದುವುದು ಎಲ್ಲವೂ ಅದರಲ್ಲೇ. ಶಾಲೆಯ ದಿನ ಉದ್ದವಾಗಿರುವುದಕ್ಕೆ ಅಲ್ಲಿನ ಮಕ್ಕಳ ಸಂಖ್ಯೆ ದೊಡ್ಡ ಕಾರಣ. ನಿಮ್ಮ ಮಗನ ಪಕ್ಕದಲ್ಲಿ ನೀವು ಅರ್ಧ ಗಂಟೆ ಕದಲದೆ ಕುಳಿತರೆ ಅವನಿಗೆ ಸಿಗುವ ಗಮನವನ್ನು ಯಾವ ಶಾಲೆಯೂ ಕೊಡಲಾರದು. ನನ್ನ ಅನುಭವದಲ್ಲಿ 8 ವರ್ಷದ ಮಗುವಿಗೆ ದಿನಕ್ಕೆ ಒಂದು ಒಂದೂಕಾಲು ಗಂಟೆ, 11 ವರ್ಷದ ಮಗುವಿಗೆ ಎರಡು ಗಂಟೆ, ಒಳ್ಳೆಯ ಕೂತು ಕಲಿಯುವ ಹೊತ್ತು ಸಾಕು. ಪುಟ್ಟಿಗೆ ಕೂತು ಕಲಿಯುವುದೇ ಬೇಡ. ಅವಳಿಗೆ ಕಥೆ, ಮಣ್ಣು, ನೀರು, ನಿಮ್ಮ ಸೆರಗು ಸಾಕು.

‘ಇಬ್ಬರಿಗೂ ಒಟ್ಟಿಗೆ ಹೇಗೆ?’ ಎಂಬ ಪ್ರಶ್ನೆಗೆ ಉತ್ತರ ಕರ್ನಾಟಕದ ಹಳ್ಳಿ ಶಾಲೆಗಳಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ-ಕಲಿ’ ಶುರುವಾಯಿತು. ಆಂಧ್ರದ ಋಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದ ಸರ್ಕಾರಿ ಶಿಕ್ಷಕರೇ ಕಟ್ಟಿದ ಪದ್ಧತಿ ಅದು. ಮುಂದೆ ರಾಜ್ಯದುದ್ದಕ್ಕೂ ಹರಡಿತು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಆ ಗುಂಪುಗಳನ್ನು ನಾವು ‘ತಟ್ಟೆ’ ಎನ್ನುತ್ತಿದ್ದೆವು. ಐದು ತಟ್ಟೆಗಳು. ಹೊಸದನ್ನು ಕಲಿಯುತ್ತಿರುವ ಮಗು ಶಿಕ್ಷಕರ ಪೂರ್ಣ ಬೆಂಬಲದ ತಟ್ಟೆಯಲ್ಲಿರುತ್ತದೆ. ಸ್ವಲ್ಪ ಹಿಡಿತ ಬಂದರೆ ಶಿಕ್ಷಕರ ಅರೆ ಬೆಂಬಲದ ತಟ್ಟೆ. ಆಮೇಲೆ ಜೊತೆಯ ಮಗುವಿನ ಬೆಂಬಲದ ಎರಡು ತಟ್ಟೆಗಳು, ಕೊನೆಗೆ ತಾನೇ ಮಾಡಿಕೊಳ್ಳುವ ಸ್ವಕಲಿಕೆಯ ತಟ್ಟೆ. ಶಿಕ್ಷಕಿ ಎಲ್ಲರಿಗೂ ಏಕಕಾಲಕ್ಕೆ ಪಾಠ ಹೇಳಲು ಹೋಗುವುದಿಲ್ಲ. ಈ ಹೊತ್ತು ಯಾವ ಮಗುವಿಗೆ ತಾನು ಬೇಕೇಬೇಕು ಎಂದು ನೋಡಿ ಅಲ್ಲಿ ಕೂರುತ್ತಾಳೆ, ಉಳಿದವರು ಅವಳಿಲ್ಲದೆಯೇ ಮುಂದುವರಿಯುತ್ತಾರೆ.

ಇದನ್ನು ನಿಮ್ಮ ಮನೆಗೆ ತನ್ನಿ. ಮಗನಿಗೆ ಎರಡಂಕಿಯ ಗುಣಾಕಾರ ಹೊಸದು, ಹಾಗಾದರೆ ಆ ಅರ್ಧ ಗಂಟೆ ಅವನು ನಿಮ್ಮ ತಟ್ಟೆ. ಆ ಹೊತ್ತಿಗೆ ಮಗಳು ತನ್ನ ಓದು, ನಕಲು ಬರವಣಿಗೆ, ನಿನ್ನೆ ಕಲಿತ ಲೆಕ್ಕದ ಅಭ್ಯಾಸ ಹೀಗೆ ನೀವು ಪಕ್ಕದಲ್ಲಿರಬೇಕಿಲ್ಲದ ಕೆಲಸದಲ್ಲಿ ಇರುತ್ತಾಳೆ. ಪುಟ್ಟಿ ಅಜ್ಜಿಯ ತಟ್ಟೆ. ಆಮೇಲೆ ಅದಲು ಬದಲು. ಮಗನ ಮಗ್ಗಿಯನ್ನು ಮಗಳು ಒಪ್ಪಿಸಿಕೊಂಡರೆ ಅದು ಜೊತೆಯವರ ತಟ್ಟೆ. ಆದರೆ ಇದನ್ನು ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಮಾಡಿಸಬೇಡಿ. ಹಿರಿಯ ಮಗಳನ್ನು ಎರಡನೇ ಅಮ್ಮನನ್ನಾಗಿ ಮಾಡಿಬಿಡುವ ಮನೆಗಳನ್ನು ಬಹಳ ನೋಡಿದ್ದೇನೆ, ಅದು ಅವಳಿಗೆ ಅನ್ಯಾಯ.

ಒಂದು ನಿಯಮ ಮಾತ್ರ ಕಟ್ಟುನಿಟ್ಟಾಗಿರಲಿ. ನೀವು ಒಬ್ಬರ ತಟ್ಟೆಯಲ್ಲಿ ಕುಳಿತಾಗ ಒಲೆ ಉರಿಯುತ್ತಿರಬಾರದು.

ಅಂದರೆ ವಿಷಯ ಅಡುಗೆಗೇ ಬಂದು ನಿಂತಿತು. ನಿಮ್ಮ ಗಂಟಿರುವುದು ಇಲ್ಲೇ ಎಂದು ನನ್ನ ನಂಬಿಕೆ, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆಯಲ್ಲಿ ಬೆಳಿಗ್ಗೆ ಡಬ್ಬಿ ಕಟ್ಟಿದರೆ ಸಂಜೆಯವರೆಗೆ ಅಡುಗೆಮನೆಗೆ ಬಿಡುವು. ಮನೆಯಲ್ಲೇ ಕಲಿಯುವ ಮಕ್ಕಳಿದ್ದರೆ ಬೆಳಗಿನ ತಿಂಡಿ, ಹತ್ತೂವರೆಯ ಕುರುಕಲು, ಮಧ್ಯಾಹ್ನದ ಊಟ, ಸಂಜೆಯ ತಿಂಡಿ, ರಾತ್ರಿಯ ಊಟ ಎಂದು ದಿನಕ್ಕೆ ಐದು ಸಲ ಒಲೆ ಕರೆಯುತ್ತದೆ. ಇದನ್ನು ಮೂರು ಸಲಕ್ಕೆ ಇಳಿಸದೆ ಯಾವ ವೇಳಾಪಟ್ಟಿಯೂ ನಿಮ್ಮ ಮನೆಯಲ್ಲಿ ನಿಲ್ಲುವುದಿಲ್ಲ.

ಬೆಳಿಗ್ಗೆ ತಿಂಡಿಗೆ ಒಲೆ ಹಚ್ಚಿದಾಗಲೇ ಪಕ್ಕದ ಒಲೆಯಲ್ಲಿ ಮಧ್ಯಾಹ್ನದ ಹುಳಿ ಅಥವಾ ಸಾರು ಕುದಿಯಲಿ. ಪತಿ ಹೊರಡುವ ಹೊತ್ತಿಗೆ ಅನ್ನವೊಂದನ್ನು ಬಿಟ್ಟು ಮಧ್ಯಾಹ್ನದ ಅಡುಗೆ ಮುಗಿದಿರಬೇಕು. ಅಕ್ಕಿಯನ್ನು ತೊಳೆದು ನೀರು ಹಾಕಿ ಕುಕ್ಕರಿನಲ್ಲಿ ಇಟ್ಟಿದ್ದರೆ ಪಾಠ ಮುಗಿಸಿ ಹನ್ನೆರಡಕ್ಕೆ ಹಚ್ಚಿದರಾಯಿತು. ರಾತ್ರಿಯೇ ಕಾಳು ನೆನೆಹಾಕುವುದು, ತರಕಾರಿ ಹೆಚ್ಚಿ ಡಬ್ಬಿಯಲ್ಲಿಡುವುದು ಎರಡನ್ನೂ ಊಟದ ನಂತರ ಹದಿನೈದು ನಿಮಿಷದಲ್ಲಿ ಮಾಡಿಬಿಡಬಹುದು.

‘ಇವತ್ತು ತಿಂಡಿ ಏನು ಮಾಡಲಿ’ ಎಂಬ ಯೋಚನೆ ಅಡುಗೆಗಿಂತ ಹೆಚ್ಚು ದಣಿಸುತ್ತದೆ. ವಾರಕ್ಕೆ ಒಮ್ಮೆ ಗೊತ್ತುಮಾಡಿಬಿಡಿ. ಭಾನುವಾರ ಸಂಜೆ ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು, ಜೊತೆಗೆ ಒಂದು ಹಿಡಿ ಅವಲಕ್ಕಿ, ಸ್ವಲ್ಪ ಮೆಂತ್ಯ ಹಾಕಿ ರುಬ್ಬಿದ ಹಿಟ್ಟು ಸೋಮವಾರ ಇಡ್ಲಿ, ಮಂಗಳವಾರ ದೋಸೆ, ಬುಧವಾರ ಈರುಳ್ಳಿ ಸೇರಿಸಿದ ಪಡ್ಡು. ಸೋಮವಾರದ ಇಡ್ಲಿ ಎತ್ತಿದ ಮೇಲೆ ಉಳಿದದ್ದು ಫ್ರಿಜ್ಜಿಗೆ ಹೋಗಲಿ. ಗುರುವಾರ ಒಗ್ಗರಣೆ ಅವಲಕ್ಕಿ, ಶುಕ್ರವಾರ ನೀರುದೋಸೆ. ನೀರುದೋಸೆಗೆ ಹುಳಿ ಬರುವವರೆಗೆ ಕಾಯುವ ಕೆಲಸವಿಲ್ಲ, ಮಲೆನಾಡಿನವರಿಗೆ ನಾನು ಹೇಳಬೇಕಿಲ್ಲ. ಶನಿವಾರ ಉಪ್ಪಿಟ್ಟು. ಭಾನುವಾರದ ತಿಂಡಿ ನಿಮ್ಮ ಪತಿಯದು, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಧ್ಯಾಹ್ನಕ್ಕೆ ಒಂದೇ ಬೇಯಿಸುವಿಕೆಯಲ್ಲಿ ಎರಡು ಪದಾರ್ಥ ಕೊಡುವ ಅಡುಗೆಗಳನ್ನು ಹುಡುಕಿ. ನಮ್ಮ ಮೈಸೂರು ಸೀಮೆಯ ಬಸ್ಸಾರಿಗೆ ನಾನು ಜೀವನಪೂರ್ತಿ ಋಣಿ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ಕಟ್ಟು ಬಸಿದರೆ, ಕಟ್ಟಿನಿಂದ ಸಾರು, ಬೆಂದ ಸೊಪ್ಪು ಕಾಳಿನಿಂದ ಪಲ್ಯ. ಒಂದು ಪಾತ್ರೆ, ಎರಡು ಪದಾರ್ಥ, ಮೇಲೆ ಮುದ್ದೆಯೋ ಅನ್ನವೋ. ನಿಮ್ಮ ಕಡೆಯ ತಂಬುಳಿ ಇನ್ನೂ ಸುಲಭ. ದೊಡ್ಡಪತ್ರೆಯನ್ನೋ ಒಂದೆಲಗವನ್ನೋ ಬಾಡಿಸಿ ಕಾಯಿ ಜೊತೆ ರುಬ್ಬಿ ಮಜ್ಜಿಗೆ ಬೆರೆಸಿದರೆ ಮುಗಿಯಿತು. ವಾರದಲ್ಲಿ ಎರಡು ದಿನ ತಂಬುಳಿ, ಅನ್ನ, ಒಂದು ಪಲ್ಯ ಇಟ್ಟರೆ ಯಾರೂ ಬಡವಾಗುವುದಿಲ್ಲ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮೂರನ್ನು ತಿಂಗಳಿಗೊಮ್ಮೆ ಮಾಡಿಟ್ಟುಕೊಳ್ಳಿ. ರಾತ್ರಿಗೆ ಮಧ್ಯಾಹ್ನದ ಸಾರನ್ನೇ ಬಿಸಿಮಾಡಿ ಬಿಸಿ ಅನ್ನ ಇಡಿ. ದಿನಕ್ಕೆ ಎರಡು ಹೊಸ ಅಡುಗೆ ಆಗಲೇಬೇಕು ಎಂಬ ಹಟವನ್ನು ಯಾರು ನಿಮ್ಮ ತಲೆಗೆ ತುಂಬಿದರೋ, ಈಗ ಅದನ್ನು ಇಳಿಸಿಬಿಡಿ.

ಗಂಟೆಗೊಮ್ಮೆ ಬರುವ ಹಸಿವಿಗೆ ಡಬ್ಬಿಯೇ ಉಪಾಯ. ಶಾಲೆಯಿಂದ ತರಬೇಕಾದ ಕೆಲವೇ ಒಳ್ಳೆಯ ವಸ್ತುಗಳಲ್ಲಿ ಅದೂ ಒಂದು. ಬೆಳಿಗ್ಗೆ ತಿಂಡಿಯಾದ ಮೇಲೆ ಮಕ್ಕಳು ತಮ್ಮ ತಮ್ಮ ಡಬ್ಬಿಯನ್ನು ತಾವೇ ತುಂಬಿಕೊಳ್ಳಲಿ. ಹುರಿಗಡಲೆ, ಕಡಲೆಕಾಯಿ ಬೀಜ, ಬೆಲ್ಲದ ಚೂರು, ಸೌತೆಕಾಯಿ ಹೋಳು, ಬಾಳೆಹಣ್ಣು ಇವುಗಳಲ್ಲಿ ಇಷ್ಟವಾದದ್ದು. ಹತ್ತೂವರೆಯ ಬಿಡುವಿನಲ್ಲಿ ಅದು ಅವರದು. ಮುಂಚೆಯೇ ಖಾಲಿ ಮಾಡಿದರೆ ಊಟದವರೆಗೆ ನೀರು, ಮಜ್ಜಿಗೆ. ಎರಡು ದಿನ ರಗಳೆಯಾಗುತ್ತದೆ, ಮೂರನೆಯ ದಿನ ಉಳಿಸಿಕೊಳ್ಳುವುದನ್ನು ಕಲಿಯುತ್ತಾರೆ. ಪುಟ್ಟಿಯ ಡಬ್ಬಿಗೆ ಮಾತ್ರ ಇಡೀ ಕಡಲೆಕಾಯಿ ಬೀಜ, ಗಟ್ಟಿ ಕಾಳು ಹಾಕಬೇಡಿ. ಐದು ವರ್ಷದೊಳಗಿನ ಮಕ್ಕಳ ಉಸಿರುನಾಳದಲ್ಲಿ ಅದು ಸಿಕ್ಕಿಕೊಳ್ಳುವ ಅಪಾಯವಿದೆ. ಅವಳಿಗೆ ನುಣ್ಣಗೆ ಪುಡಿಮಾಡಿ ಬೆಲ್ಲ ಬೆರೆಸಿ ಕೊಡಿ. ಓಡಾಡುತ್ತಾ ತಿನ್ನಲು ಬಿಡದೆ ಕೂರಿಸಿ ತಿನ್ನಿಸಿ.

ಇನ್ನು ಅತ್ತೆಯವರು. ಅವರ ಕಾಯಿಲೆಯನ್ನು ನೀವು ಹೊರೆಗಳ ಸಾಲಿನಲ್ಲಿ ಬರೆದಿದ್ದೀರಿ, ನಾನು ಅದನ್ನು ದಿನದ ಗೂಟವನ್ನಾಗಿ ಮಾಡುತ್ತೇನೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ರಕ್ತದ ಸಕ್ಕರೆ ತೀರ ಇಳಿದು ನಡುಕ, ಬೆವರು, ಮಂಪರು ಬರಬಹುದು. ಆದ್ದರಿಂದ ಅವರ ವೈದ್ಯರು ಹೇಳಿದ ಹೊತ್ತಿಗೆ ಊಟ ಆಗಲೇಬೇಕು. ಅದು ಹನ್ನೆರಡೂವರೆ ಎಂದುಕೊಳ್ಳೋಣ. ಇಡೀ ಮನೆ ಆ ಹೊತ್ತಿಗೇ ಉಣ್ಣಲಿ. ನಿಮ್ಮ ದಿನದಲ್ಲಿ ಗಡಿಯಾರ ನೋಡಿ ನಡೆಯಬೇಕಾದದ್ದು ಇದೊಂದೇ. ಉಳಿದದ್ದೆಲ್ಲ ಇದರ ಹಿಂದೆ ಮುಂದೆ ಕ್ರಮವಾಗಿ ಬಂದರೆ ಸಾಕು: ತಿಂಡಿಯ ನಂತರ ಸ್ನಾನ, ಕಸ, ಬಟ್ಟೆ; ಆಮೇಲೆ ಮಗನ ತಟ್ಟೆ, ಮಗಳ ತಟ್ಟೆ, ಡಬ್ಬಿ; ಆಮೇಲೆ ಎಲ್ಲರೂ ಒಟ್ಟಿಗೆ ಕೂತು ನೀವು ಗಟ್ಟಿಯಾಗಿ ಓದುವ ಅರ್ಧ ಗಂಟೆ, ಸಮಾಜವೋ ವಿಜ್ಞಾನವೋ ಕಥೆಯೋ; ಆಮೇಲೆ ಎತ್ತಿಡುವುದು, ಅನ್ನಕ್ಕಿಡುವುದು. ಒಂದು ದಿನ ಅರ್ಧ ಗಂಟೆ ಹಿಂದಾದರೆ ಒಂದು ತಟ್ಟೆ ಚಿಕ್ಕದಾಗುತ್ತದೆ, ಅಷ್ಟೆ. ಊಟವಾದ ಮೇಲೆ ಒಂದು ಗಂಟೆ ಯಾರೂ ಯಾರನ್ನೂ ಕರೆಯಬಾರದು. ಪುಟ್ಟಿ ಮಲಗಲಿ, ದೊಡ್ಡವರು ಓದಲಿ ಅಥವಾ ಸುಮ್ಮನಿರಲಿ. ಆ ಒಂದು ಗಂಟೆ ನಿಮ್ಮದು. ಅದರಲ್ಲಿ ಪಾತ್ರೆ ತೊಳೆಯಬೇಡಿ.

ಅತ್ತೆಯವರಿಗೆ ಕೈಲಾಗುವ ಕೆಲಸವನ್ನೂ ಕೇಳಿ ನೋಡಿ. ಸೊಪ್ಪು ಬಿಡಿಸುವುದು, ಡಿಸೆಂಬರ್ ಜನವರಿಯಲ್ಲಿ ಅವರೆಕಾಯಿ ಸುಲಿಯುವುದು, ಬೇಳೆಯಲ್ಲಿ ಕಲ್ಲು ಆರಿಸುವುದು, ಇವುಗಳ ನಡುವೆ ಅವರು ಪುಟ್ಟಿಗೆ ಹೇಳುವ ಒಗಟು, ಗಾದೆ, ತಮ್ಮ ಬಾಲ್ಯದ ಮಳೆಗಾಲದ ಮಾತು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಹಳೆಯ ಅಳತೆ ಅವರಿಗೆ ಗೊತ್ತಿರುತ್ತದೆ. ನಾಲ್ಕು ಪಾವು ಒಂದು ಸೇರು, ಪಾವಿನ ಕಾಲು ಭಾಗ ಒಂದು ಚಟಾಕು. ಮಗ ಒಂದು ಸೇರಿಗೆ ಎಷ್ಟು ಚಟಾಕು ಎಂದು ಅಜ್ಜಿಯ ಜೊತೆ ಅಕ್ಕಿ ಅಳೆದು ಕಂಡುಕೊಳ್ಳಲಿ.

ಇಲ್ಲಿ ಒಂದು ಎಚ್ಚರಿಕೆ. ಮನೆಯಲ್ಲೇ ಕಲಿಸುವ ಉತ್ಸಾಹದಲ್ಲಿ ಪ್ರತಿ ದೋಸೆಯನ್ನೂ ಕತ್ತರಿಸಿ ಭಿನ್ನರಾಶಿ ಕೇಳುವ ತಾಯಂದಿರಿದ್ದಾರೆ. ಹಸಿದ ಮಗುವಿಗೆ ದೋಸೆ ದೋಸೆಯಾಗಿಯೇ ಸಿಗಬೇಕು. ವಾರಕ್ಕೆ ಒಂದೇ ಒಂದು ಅಡುಗೆಮನೆಯ ಪ್ರಶ್ನೆ ಇರಲಿ, ಅದನ್ನು ಕೊನೆಯವರೆಗೆ ಹಿಂಬಾಲಿಸಿ. ರುಬ್ಬಿದ ಹಿಟ್ಟನ್ನು ಗಾಜಿನ ಲೋಟಕ್ಕೆ ಅರ್ಧದಷ್ಟು ಹಾಕಿ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ, ಎರಡು ಗಂಟೆಗೊಮ್ಮೆ ಎಷ್ಟು ಉಬ್ಬಿದೆ ಎಂದು ಬರೆಯಲಿ. ಏಪ್ರಿಲಿನಲ್ಲಿ ಒಮ್ಮೆ, ಜುಲೈ ಮಳೆಯಲ್ಲಿ ಒಮ್ಮೆ ಮಾಡಿ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ, ಹಿಟ್ಟಿನಲ್ಲಿರುವ ಸೂಕ್ಷ್ಮಜೀವಿಗಳಿಗೂ ಚಳಿಯಾಗುತ್ತದೆ ಎಂಬುದು ಅವರಿಗೇ ಹೊಳೆಯುತ್ತದೆ. ಅರಿಸಿನದ ಕಲೆಯ ಮೇಲೆ ಬಟ್ಟೆ ಸೋಪು ಉಜ್ಜಿದರೆ ಕೆಂಪಾಗುತ್ತದೆ, ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಆಮ್ಲ ಪ್ರತ್ಯಾಮ್ಲದ ಪಾಠ ಅಲ್ಲೇ ಮುಗಿಯಿತು.

ನನಗೆ ತುಂಬ ಇಷ್ಟವಾದದ್ದು ಗ್ಯಾಸ್ ಸಿಲಿಂಡರಿನ ಲೆಕ್ಕ. ಮನೆಯ ಸಿಲಿಂಡರಿನಲ್ಲಿ ತುಂಬಿರುವುದು 14.2 ಕಿಲೋ ಅನಿಲ. ಹೊಸದನ್ನು ಹಾಕಿದ ದಿನ, ಮುಗಿದ ದಿನ ಬರೆದಿಟ್ಟು, ದಿನಕ್ಕೆ ಎಷ್ಟು ಗ್ರಾಂ ಉರಿಯಿತು ಎಂದು ಮಗಳು ಭಾಗಿಸಲಿ. ನಲವತ್ತು ದಿನ ಬಂದರೆ ದಿನಕ್ಕೆ 355 ಗ್ರಾಂ. ನೀವು ಒಲೆ ಹಚ್ಚುವುದನ್ನು ಮೂರು ಸಲಕ್ಕೆ ಇಳಿಸಿದ ಮೇಲೆ ಮುಂದಿನ ಸಿಲಿಂಡರ್ ಎಷ್ಟು ದಿನ ಬಂತು ಎಂದು ಹೋಲಿಸಲಿ, ನಿಜವಾದ ಅಂಕಿಗಳಿಂದ ನಿಜವಾದ ಪ್ರಶ್ನೆಗೆ ಉತ್ತರ. ಸಿಲಿಂಡರಿನ ಹಿಡಿಕೆಯ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಇವುಗಳಲ್ಲಿ ಒಂದು ಅಕ್ಷರ, ಮುಂದೆ ಎರಡಂಕಿಯ ವರ್ಷ ಇರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಹೀಗೆ. ಸಿಲಿಂಡರನ್ನು ಮತ್ತೆ ಪರೀಕ್ಷಿಸಬೇಕಾದ ಗಡುವು ಅದು. ಹೊಸ ಸಿಲಿಂಡರ್ ಬಂದ ದಿನ ಅದನ್ನು ಓದಿ ಹೇಳುವ ಕೆಲಸ ಮಗನದಾಗಲಿ.

ಕೆಲಸದ ಪಾಲು ವಯಸ್ಸಿಗೆ ತಕ್ಕಂತೆ ಇರಲಿ. ಪುಟ್ಟಿ ತಟ್ಟೆ ಲೋಟ ಇಡುತ್ತಾಳೆ. ಮಗ ಕೋಸಂಬರಿ ಮಾಡುತ್ತಾನೆ, ಅಕ್ಕಿ ತೊಳೆಯುತ್ತಾನೆ. ಮಗಳು ನೀವು ಪಕ್ಕದಲ್ಲಿದ್ದಾಗ ದೋಸೆ ಹುಯ್ಯುತ್ತಾಳೆ. ಕುಕ್ಕರ್ ಮತ್ತು ಕಾದ ಎಣ್ಣೆಯ ಹತ್ತಿರ ಮೂವರೂ ಬರುವುದು ಬೇಡ. ಗಂಡುಮಗನಿಗೂ ಹೆಣ್ಣುಮಗಳಿಗೂ ಪಾಲು ಸಮನಾಗಿದೆಯೇ ಎಂದು ಆಗಾಗ ನೀವೇ ನೋಡಿಕೊಳ್ಳಿ, ಗಮನಿಸದಿದ್ದರೆ ಅದು ತಾನಾಗಿಯೇ ಒಂದು ಕಡೆಗೆ ವಾಲುತ್ತದೆ.

ಮನೆ ಒಪ್ಪವಾಗಿಡುವ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಎರಡು ಕೋಣೆಯಲ್ಲಿ ಐದು ಜನ ಇಡೀ ದಿನ ಇರುವ ಮನೆ ಪತ್ರಿಕೆಯ ಚಿತ್ರದಂತೆ ಇರುವುದಿಲ್ಲ. ಒಬ್ಬೊಬ್ಬರಿಗೆ ಒಂದು ಬುಟ್ಟಿ ಕೊಡಿ. ಈ ವಾರ ಬೇಕಾದ ಪುಸ್ತಕ, ನೋಟ್‌ಬುಕ್, ಪೆನ್ಸಿಲ್ ಅಷ್ಟೇ ಅದರಲ್ಲಿ. ಉಳಿದದ್ದು ಟ್ರಂಕಿಗೆ. ಆಟದ ಸಾಮಾನಿನ ಅರ್ಧವನ್ನು ಅಟ್ಟಕ್ಕೆ ಹಾಕಿ ತಿಂಗಳಿಗೊಮ್ಮೆ ಅದಲುಬದಲು ಮಾಡಿದರೆ ಹಳೆಯದೇ ಹೊಸದಾಗುತ್ತದೆ. ಊಟಕ್ಕೆ ಮುಂಚೆ ಹತ್ತು ನಿಮಿಷ ಎಲ್ಲರೂ ಎತ್ತಿಡಬೇಕು, ಏಕೆಂದರೆ ಓದಿದ ನೆಲದ ಮೇಲೆಯೇ ಉಣ್ಣಬೇಕಲ್ಲ. ಸಂಜೆ ಕಸ ಬಿದ್ದಿದ್ದರೆ ಬಿದ್ದಿರಲಿ.

ನಿಮ್ಮ ಪತಿಯ ವಿಷಯ. ಪತ್ರದಲ್ಲಿ ಅವರು ಎರಡೇ ಕ್ರಿಯೆ ಮಾಡುತ್ತಾರೆ: ಹೋಗುತ್ತಾರೆ, ಬರುತ್ತಾರೆ. ಮಕ್ಕಳನ್ನು ಮನೆಯಲ್ಲಿ ಕಲಿಸುವ ತೀರ್ಮಾನ ಇಬ್ಬರದೂ ಆಗಿದ್ದರೆ ಅದರ ಕೆಲಸವೂ ಇಬ್ಬರದೂ ಆಗಬೇಕು. ದುಡಿದು ದಣಿದು ಬರುತ್ತಾರೆ, ನಿಜ. ನೀವೂ ದುಡಿದು ದಣಿದಿರುತ್ತೀರಿ. ರಾತ್ರಿ ಮಗಳ ಗಣಿತ ಅಥವಾ ಇಂಗ್ಲಿಷ್ ಒಂದನ್ನು ಅವರು ಪೂರ್ತಿಯಾಗಿ ವಹಿಸಿಕೊಳ್ಳಲಿ, ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆ. ರಾತ್ರಿಯ ಕಾಳು ನೆನೆಹಾಕುವುದು, ತರಕಾರಿ ಹೆಚ್ಚುವುದು ಅವರ ಕೆಲಸ. ಭಾನುವಾರದ ತಿಂಡಿ, ದೋಸೆ ಹಿಟ್ಟು, ತಿಂಗಳ ಪುಡಿಗಳು ಅವರು ಮಕ್ಕಳೊಂದಿಗೆ. ಆ ಬೆಳಿಗ್ಗೆ ನೀವು ಅಡುಗೆಮನೆಗೆ ಹೋಗಬೇಡಿ, ಸಾಸಿವೆ ಸೀದ ವಾಸನೆ ಬಂದರೂ. ಇದನ್ನು ‘ಸಹಾಯ’ ಎಂದು ಕರೆಯಬೇಡಿ, ಪಾಲು ಎಂದು ಕರೆಯಿರಿ.

ಮಕ್ಕಳು ಹಿಂದೆ ಬೀಳುತ್ತಾರೆಯೇ, ನೆಂಟರು ಕೇಳಿದರೆ, ಯಾರಾದರೂ ವಿಚಾರಿಸಲು ಬಂದರೆ ಎಂಬ ಭಯ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. 6ರಿಂದ 14 ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ. ಸೇರಿಸದವರಿಗೆ ಆ ಕಾಯ್ದೆಯಲ್ಲಿ ದಂಡ ಹೇಳಿಲ್ಲ. ಹೋಮ್‌ಸ್ಕೂಲಿಂಗ್ ಬಗ್ಗೆ ಪರವಾಗಿಯೂ ವಿರೋಧವಾಗಿಯೂ ಅದರಲ್ಲಿ ಮಾತಿಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಶಿಕ್ಷಕರೋ ಸಿ.ಆರ್.ಪಿ.ಗಳೋ (ಶಾಲಾ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳು) ಬಂದರೆ ಗಾಬರಿಯಾಗಬೇಡಿ, ಜಗಳವಾಡಬೇಡಿ. ಅವರು ತಮ್ಮ ಕರ್ತವ್ಯ ಮಾಡುತ್ತಿರುತ್ತಾರೆ. ಮಕ್ಕಳ ನೋಟ್‌ಬುಕ್‌ಗಳನ್ನು ತೋರಿಸಿ. ಅದಕ್ಕಾಗಿ ಪ್ರತಿ ಶನಿವಾರ ಹತ್ತು ನಿಮಿಷ ಕುಳಿತು, ಈ ವಾರ ಯಾರು ಏನು ಕಲಿತರು ಎಂದು ತಾರೀಖು ಹಾಕಿ ಬರೆದಿಡಿ. ತಿಂಗಳಿಗೆ ಒಂದು ಬರಹ, ಒಂದು ಲೆಕ್ಕದ ಹಾಳೆ, ಒಂದು ಚಿತ್ರ ಲಕೋಟೆಗೆ ಹಾಕಿಡಿ.

ಪಠ್ಯಕ್ಕೆ ದುಬಾರಿ ಪೊಟ್ಟಣಗಳನ್ನು ಕೊಳ್ಳಬೇಕಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಮತ್ತು ಎನ್‌ಸಿಇಆರ್‌ಟಿಯ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮೊಬೈಲಿನಲ್ಲಿ ಓದಿಸಬೇಡಿ, ಬೇಕಾದ ಪಾಠವನ್ನಷ್ಟೇ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಬುಟ್ಟಿಗೆ ಹಾಕಿ. ಪ್ರಮಾಣಪತ್ರಕ್ಕೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. 1989ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಸ್ಥೆ ಅದು. ಅದರ ಮೂಲ ಶಿಕ್ಷಣದ ಎ, ಬಿ, ಸಿ ಹಂತಗಳು 3, 5, 8ನೇ ತರಗತಿಗೆ ಸಮ. ಹತ್ತನೇ ತರಗತಿಗೆ ಸಮವಾದ ಪರೀಕ್ಷೆಗೆ 14 ವರ್ಷ ತುಂಬಿದ ಮೇಲೆ ಹೆಸರು ನೋಂದಾಯಿಸಬಹುದು. ಐದು ವಿಷಯ ಸಾಕು, ಒಂದೇ ಸಲಕ್ಕೆ ಎಲ್ಲವನ್ನೂ ಬರೆಯಬೇಕಿಲ್ಲ, ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ನಿಮ್ಮ ಮಗಳಿಗೆ ಇನ್ನೂ ಮೂರು ವರ್ಷವಿದೆ.

ಇನ್ನೊಂದು ಬಾಗಿಲೂ ತೆರೆದಿದೆ. ಅದೇ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಮಿನ ಪ್ರಕಾರ, ಶಾಲೆಗೆ ಹೋಗದಿದ್ದ ಮಗು ಸೇರಬಯಸಿದರೆ ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಬೇಕಾದ ವಿಶೇಷ ತರಬೇತಿಯನ್ನೂ ಕೊಡಬೇಕು. ಮಗಳು ‘ನನಗೆ ಗೆಳತಿಯರು ಬೇಕು, ಶಾಲೆಗೆ ಹೋಗುತ್ತೇನೆ’ ಎಂದರೆ ಕೇಳಿಸಿಕೊಳ್ಳಿ. ಇಬ್ಬರು ಮನೆಯಲ್ಲಿ, ಒಬ್ಬಳು ಶಾಲೆಯಲ್ಲಿ ಇರುವ ಮನೆಗಳೂ ಚೆನ್ನಾಗಿಯೇ ನಡೆಯುತ್ತವೆ. ಅಲ್ಲಿಯವರೆಗೆ ವಾರಕ್ಕೆ ಅರ್ಧ ದಿನ ಮನೆಯಿಂದ ಹೊರಗೆ ಕಳೆಯಿರಿ. ನಗರದ ಗ್ರಂಥಾಲಯ, ಗಾಜನೂರು ಅಣೆಕಟ್ಟು, ಸಕ್ರೆಬೈಲಿನ ಆನೆಗಳು, ಅಥವಾ ಊರೊಳಗೇ ಇರುವ ಶಿವಪ್ಪನಾಯಕನ ಅರಮನೆ. ಆ ಅರಮನೆಯ ಅಂಗಳದ ಶಿಲ್ಪಗಳ ಮುಂದೆ ಕುಳಿತು ಮಗ ಒಂದು ಚಿತ್ರ ಬರೆಯಲಿ, ಮಗಳು ಶಿಸ್ತಿನ ಕಥೆಯನ್ನು ತಮ್ಮನಿಗೆ ಹೇಳಲಿ.

ಈ ಸೋಮವಾರದಿಂದ ನೋಟ್‌ಬುಕ್ ಶುರುಮಾಡಿ. ಏಳು ದಿನದ ಪಟ್ಟಿಯನ್ನು ನನಗೆ ಕಳುಹಿಸಿದರೆ, ಯಾವ ಒಲೆ ಆರಿಸಬಹುದು, ಯಾವ ತಟ್ಟೆ ಹಿಗ್ಗಿಸಬಹುದು ಎಂದು ಒಟ್ಟಿಗೆ ಕೂತು ನೋಡೋಣ. ಅತ್ತೆಯವರ ಇನ್ಸುಲಿನ್ ಮತ್ತು ಊಟದ ಹೊತ್ತನ್ನು ಅದರಲ್ಲಿ ಬರೆಯಲು ಮರೆಯಬೇಡಿ, ನಾನು ಮೊದಲು ನೋಡುವುದು ಅದನ್ನೇ.